ಮಳೆ 500 ಮಿ.ಮೀ., ಹೊಲ ಐದು ಎಕರೆ: ಕೊಪ್ಪಳ ಸೀಮೆಯಲ್ಲಿ ನೀರು ಹಿಡಿಯುವ ಸಮಗ್ರ ಮಾರ್ಗದರ್ಶಿ

ಕೊಪ್ಪಳ ಜಿಲ್ಲೆಯನ್ನು ಬರೀ ನಕ್ಷೆಯಲ್ಲಿ ನೋಡಿದವರಿಗೆ ಇಲ್ಲಿ ನೀರಿಗೆ ಬರ ಇದೆ ಅಂದರೆ ನಂಬಿಕೆ ಬರುವುದಿಲ್ಲ. ದಕ್ಷಿಣದ ಅಂಚಿನಲ್ಲಿ, ಮುನಿರಾಬಾದಿನಲ್ಲಿ, ಅಷ್ಟು ದೊಡ್ಡ ತುಂಗಭದ್ರಾ ಜಲಾಶಯ ಇದೆಯಲ್ಲ ಎನ್ನುತ್ತಾರೆ. ಇದೆ, ಆದರೆ ಅದರ ಕಾಲುವೆ ಹರಿಯುವುದು ಗಂಗಾವತಿ, ಕಾರಟಗಿ ಕಡೆಗೆ. ಕುಷ್ಟಗಿ, ಯಲಬುರ್ಗಾ, ಕುಕನೂರು ಸುತ್ತಿನ ಹೆಚ್ಚಿನ ಹೊಲಗಳಿಗೆ ಮೇಲಿನ ಮಳೆ, ಕೆಳಗಿನ ಬೋರ್ ಎರಡೇ ಗತಿ. ಏತ ನೀರಾವರಿ ಬಂದ ಕಡೆ ಬಂದಿದೆ, ಉಳಿದವರು ಕಾಯುತ್ತಿದ್ದಾರೆ.

ಕಾಯುವಾಗ ಮಾಡಬಹುದಾದ ಕೆಲಸಗಳು ಇಲ್ಲಿವೆ. ನನ್ನ ಮಾತು ಒಂದೇ: ಕೆಲಸದ ಕ್ರಮ ತಪ್ಪಿಸಬೇಡಿ. ಮೊದಲು ಲೆಕ್ಕ, ಆಮೇಲೆ ಮಣ್ಣು, ಆಮೇಲೆ ಹೊಂಡ, ಕೊನೆಗೆ ಬೋರ್. ನಮ್ಮಲ್ಲಿ ಜಾಸ್ತಿ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಸಾಲ ಮಾಡಿ ಬೋರ್ ಹೊಡೆಸುತ್ತಾರೆ, ಅದು ಬತ್ತಿದ ಮೇಲೆ ಹೊಂಡದ ಯೋಚನೆ. ಹೊಲದ ಮಣ್ಣಿನ ಯೋಚನೆ ಬರುವುದೇ ಇಲ್ಲ. ಉದಾಹರಣೆಗೆ ಐದು ಎಕರೆಯ ಒಂದು ಹೊಲ ಇಟ್ಟುಕೊಳ್ಳೋಣ. ಮೂರು ಎಕರೆ ಎರೆ (ಕಪ್ಪು ಮಣ್ಣು), ಎರಡು ಎಕರೆ ಮಸಾರಿ (ಕೆಂಪು ಮಣ್ಣು).

ಮೊದಲ ಕೆಲಸ: ಲೆಕ್ಕ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದೆಲ್ಲ ಗುಣಾಕಾರ. ಒಂದು ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಸರಾಸರಿ ನಂಬಿ ಬಿತ್ತಿದವರಿಗೆ ಅದರ ಬೆಲೆ ಗೊತ್ತು, ಹಾಗಾಗಿ 500 ಎಂದೇ ಹಿಡಿಯೋಣ. ಎಕರೆಗೆ 20 ಲಕ್ಷ ಲೀಟರ್ ಆಯಿತು. ಐದು ಎಕರೆಗೆ ಒಂದು ಕೋಟಿ ಲೀಟರ್, ಅಂದರೆ ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ ಎರಡು ಸಾವಿರ ಸಲ ಬಂದಂತೆ.

ಇಷ್ಟು ನೀರು ಬಿದ್ದರೂ ಜನವರಿ ಹೊತ್ತಿಗೆ ಹೊಲ ಬಿರುಕು ಬಿಟ್ಟಿರುತ್ತದೆ. ಯಾಕೆಂದರೆ ಮಳೆ ದಿನಕ್ಕಿಷ್ಟು ಅಂತ ಹಂಚಿಕೊಂಡು ಬರುವುದಿಲ್ಲ. ಮುಂಗಾರಿಯಲ್ಲಿ ನಾಲ್ಕು ಹನಿ ಹಾಕಿ ಜುಲೈನಲ್ಲಿ ಕೈ ಕೊಡುತ್ತದೆ. ಉತ್ತರಿ, ಹಸ್ತ ಮಳೆಗಳು ಒಂದೇ ರಾತ್ರಿಯಲ್ಲಿ 50, 60 ಮಿ.ಮೀ. ಸುರಿದು ಹೋಗುತ್ತವೆ. ಆ ರಾತ್ರಿಯ ನೀರು ನಿಮ್ಮ ಹೊಲದಲ್ಲಿ ನಿಂತಿತೋ, ಹಳ್ಳ ಸೇರಿತೋ ಎಂಬುದರ ಮೇಲೆ ಹಿಂಗಾರಿ ನಿಂತಿದೆ.

ಈ ಹಂತದಲ್ಲಿ ಮೂರು ಅಳತೆ ಮಾಡಿಕೊಳ್ಳಿ. ಮೊದಲನೆಯದು ಮಳೆ. ಬಾಯಿಯಿಂದ ತಳದವರೆಗೆ ಒಂದೇ ಅಗಲ ಇರುವ ಡಬ್ಬಿಯನ್ನು ಗಿಡ, ಗೋಡೆ ಯಾವುದೂ ಅಡ್ಡ ಬರದ ಕಡೆ ಇಡಿ. ಬೆಳಿಗ್ಗೆ ಎದ್ದು ಸ್ಕೇಲು ಹಿಡಿದು ಎಷ್ಟು ಮಿ.ಮೀ. ನಿಂತಿದೆ ನೋಡಿ ಬರೆದಿಡಿ. ಹೋಬಳಿ ಲೆಕ್ಕ ಬೇರೆ, ನಿಮ್ಮ ಹೊಲದ ಲೆಕ್ಕ ಬೇರೆ. ನಮ್ಮ ಕಡೆ ರಸ್ತೆಯ ಈ ಬದಿ ಸುರಿದ ಮಳೆ ಆ ಬದಿಗೆ ಬೀಳದೆ ಹೋಗುವುದು ಎಲ್ಲರಿಗೂ ಗೊತ್ತಿರುವ ಮಾತು.

ಎರಡನೆಯದು ಇಳಿಜಾರು. ಗೌಂಡಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ನೀರಿನ ಪೈಪ್ ತನ್ನಿ. ಇಳಿಜಾರಿನ ಉದ್ದಕ್ಕೆ 30 ಮೀಟರ್ ಅಂತರದಲ್ಲಿ ಎರಡು ಗೂಟ ನೆಡಿ. ಎರಡರ ನಡುವೆ 30 ಸೆಂ.ಮೀ. ವ್ಯತ್ಯಾಸ ಬಂದರೆ ಶೇ. 1 ಇಳಿಜಾರು, 60 ಬಂದರೆ ಶೇ. 2.

ಮೂರನೆಯದು ಮಣ್ಣಿನ ಆಳ. ಹೊಲದಲ್ಲಿ ಎರಡು ಮೂರು ಕಡೆ ಮೀಟರ್ ಆಳದ ಗುಂಡಿ ತೋಡಿ. ಎಷ್ಟು ಆಳಕ್ಕೆ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ಸಿಕ್ಕಿತು, ಎಲ್ಲಿ ಕಲ್ಲು ಬಂತು, ಗುರುತು ಮಾಡಿಕೊಳ್ಳಿ. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಮುಂದಿನ ಎಲ್ಲ ತೀರ್ಮಾನವೂ ಈ ಗುಂಡಿಯಲ್ಲಿದೆ.

ಎರೆ ಹೊಲ: ಕಾಲ ಕೆಳಗಿನ ಹೊಂಡ

ಆಳವಾದ ಎರೆ ಮಣ್ಣು ಒಂದು ಮೀಟರಿನಲ್ಲಿ ಸುಮಾರು 150ರಿಂದ 200 ಮಿ.ಮೀ. ನೀರನ್ನು ಬೆಳೆಗೆ ಸಿಗುವಂತೆ ಹಿಡಿದಿಟ್ಟುಕೊಳ್ಳುತ್ತದೆ. 150 ಎಂದೇ ಹಿಡಿದರೂ ಎಕರೆಗೆ 6 ಲಕ್ಷ ಲೀಟರ್, ಮೂರು ಎಕರೆಗೆ 18 ಲಕ್ಷ. ಹೋಲಿಸಿ ನೋಡಿ: 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ, ಬದಿ ಇಳಿಜಾರಾದ ದೊಡ್ಡ ಕೃಷಿ ಹೊಂಡ ತುಂಬಿದರೆ ಸಿಗುವುದು 10 ಲಕ್ಷಕ್ಕಿಂತ ಸ್ವಲ್ಪ ಕಡಿಮೆ. ಜೆಸಿಬಿ ಬೇಡ, ಪ್ಲಾಸ್ಟಿಕ್ ಬೇಡ, ಸಹಾಯಧನಕ್ಕೆ ಓಡಾಟ ಬೇಡ. ಹೊಂಡದ ಎರಡರಷ್ಟು ನೀರು ಹಿಡಿಯುವ ಜಾಗ ನಿಮ್ಮ ಹೊಲದಲ್ಲೇ ಇದೆ. ಅದನ್ನು ತುಂಬಿಸಬೇಕು ಅಷ್ಟೇ.

ತುಂಬಿಸುವ ದಾರಿ ಚೌಕು ಮಡಿ. ಹಿಂಗಾರಿಗೆ ಅಂತ ಖಾಲಿ ಬಿಟ್ಟ ಎರೆ ಹೊಲಕ್ಕೆ ಇದು ಹೇಳಿ ಮಾಡಿಸಿದ್ದು. ಮುಂಗಾರಿಯ ಮೊದಲ ಮಳೆಗಳಾದ ಮೇಲೆ ಕುಂಟೆ ಹೊಡೆದು ಕಳೆ ತೆಗೆಯಿರಿ. ಜುಲೈ ಕೊನೆಯೊಳಗೆ, ತಪ್ಪಿದರೆ ಆಗಸ್ಟ್ ಮೊದಲ ವಾರದೊಳಗೆ, ಎತ್ತಿನಿಂದಲೋ ಟ್ರ್ಯಾಕ್ಟರಿನಿಂದಲೋ ಬದು ಹಾಕುವ ಸಲಕರಣೆ ಎಳೆಸಿ ಉದ್ದಕ್ಕೂ ಅಡ್ಡಕ್ಕೂ ಸಣ್ಣ ಬದು ಹಾಕಿಸಿ. ಎತ್ತರ ಒಂದು ಗೇಣಿನಷ್ಟಿದ್ದರೆ ಸಾಕು. ಚೌಕದ ಅಳತೆ ಇಳಿಜಾರಿನ ಮೇಲೆ ಹೋಗುತ್ತದೆ. ಶೇ. 1ರೊಳಗಿದ್ದರೆ 4.5 ಮೀಟರ್ ಚೌಕ, ಶೇ. 1ರಿಂದ 2 ಇದ್ದರೆ 3.6 ಮೀಟರ್, ಅದಕ್ಕೂ ಜಾಸ್ತಿ ಇದ್ದರೆ 3 ಮೀಟರ್. ಇಳಿಜಾರು ಹೆಚ್ಚಿದಂತೆ ಚೌಕ ಸಣ್ಣದಾಗಬೇಕು, ಇಲ್ಲದಿದ್ದರೆ ಕೆಳಗಿನ ಬದು ಒಡೆಯುತ್ತದೆ.

ಮಳೆ ಬಂದಾಗ ಪ್ರತಿ ಚೌಕದಲ್ಲೂ ನೀರು ನಿಂತು, ನಿಧಾನಕ್ಕೆ ಇಳಿಯುತ್ತದೆ. ದೊಡ್ಡ ಮಳೆಯ ಮರುದಿನ ಗುದ್ದಲಿ ಹಿಡಿದು ಒಂದು ಸುತ್ತು ಹಾಕಿ, ಒಡೆದ ಕಡೆ ಮಣ್ಣು ಹಾಕಿ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಹದ ನೋಡಿ ಕುಂಟೆ ಹೊಡೆದರೆ ಬದು ನೆಲಸಮ. ಅದರ ಮೇಲೆಯೇ ಜೋಳವನ್ನೋ ಕಡಲೆಯನ್ನೋ ಕೂರಿಗೆಯಲ್ಲಿ ಬಿತ್ತಿ. ಮುಂಗಾರಿ ಬೆಳೆ ಇರುವ ಎರೆ ಹೊಲದಲ್ಲಿ ಮಾತ್ರ ಚೌಕು ಮಡಿ ಬೇಡ. ಹೆಸರು ಬೆಳೆಯ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಅಲ್ಲಿ ಇಳಿಜಾರಿಗೆ ಅಡ್ಡ ಬಿತ್ತನೆ ಮಾಡಿ, ನಡುನಡುವೆ ಹರಿ (ಸಣ್ಣ ಕಾಲುವೆಯಂಥ ಸಾಲು) ಬಿಟ್ಟರೆ ಸಾಕು.

ಬಿತ್ತಿದ ಮೇಲೆ ಎಡೆಕುಂಟೆ, ಅಂದರೆ ಬೆಳೆಯ ಸಾಲುಗಳ ನಡುವೆ ಹೊಡೆಯುವ ಸಣ್ಣ ಕುಂಟೆ. ಇದು ಬರೀ ಕಳೆಗೆ ಅಂತ ತಿಳಿದವರಿದ್ದಾರೆ. ಎರೆ ಮಣ್ಣು ಒಣಗುತ್ತ ಬಿರುಕು ಬಿಟ್ಟರೆ, ಆ ಬಿರುಕಿನೊಳಗಿಂದ ಒಂದಡಿ ಕೆಳಗಿನ ತೇವವೂ ಆರಿ ಹೋಗುತ್ತದೆ. ಎಡೆ ಹೊಡೆದಾಗ ಮೇಲಿನ ಪುಡಿಮಣ್ಣು ಬಿರುಕು ಮುಚ್ಚುತ್ತದೆ. ಜೋಳದಲ್ಲಿ ಎರಡು ಮೂರು ಸಲ ಎಡೆ ಹೊಡೆಯುವ ಹಿರಿಯರ ರೂಢಿ ಸುಮ್ನೆ ಬಂದದ್ದಲ್ಲ. ಕಳೆನಾಶಕ ಹೊಡೆದು ಎಡೆ ಬಿಟ್ಟವರು ಕಳೆಯನ್ನು ಗೆದ್ದರು, ತೇವವನ್ನು ಕಳೆದುಕೊಂಡರು.

ಒಡ್ಡಿನ ವಿಷಯ ಒಂದೇ ಮಾತು: ಹಳೆ ಒಡ್ಡು ಇದ್ದರೆ ಮೊದಲು ಅದನ್ನು ರಿಪೇರಿ ಮಾಡಿ. ಹೆಚ್ಚುವರಿ ನೀರು ಹೋಗಲು ಕಲ್ಲು ಜೋಡಿಸಿದ ಕೋಡಿ ಇರಲೇಬೇಕು. ಕೋಡಿ ಇಲ್ಲದ ಒಡ್ಡು ಮೊದಲ ದೊಡ್ಡ ಮಳೆಗೇ ಕಿತ್ತು ಹೋಗುತ್ತದೆ, ಜೊತೆಗೆ ಕೆಳಗಿನ ಹೊಲದವರ ಜಗಳ ಬೇರೆ.

ಮಸಾರಿ ಹೊಲ

ಮಸಾರಿ ಕತೆ ಬೇರೆ. ನೀರು ಬೇಗ ಕುಡಿಯುತ್ತದೆ, ಬೇಗ ಬಿಡುತ್ತದೆ. ಆಳವೂ ಕಡಿಮೆ, ಎಷ್ಟೋ ಕಡೆ ಒಂದೂವರೆ ಅಡಿಗೆ ಗರಸು. ಹಾಗಾಗಿ ಇಲ್ಲಿ ದೊಡ್ಡ ದಾಸ್ತಾನು ಸಾಧ್ಯವಿಲ್ಲ. ಮಳೆ ಬಂದಾಗ ಓಡಿಹೋಗದಂತೆ ತಡೆಯಬಹುದು, ಮಣ್ಣಿನ ಹಿಡಿಯುವ ಶಕ್ತಿಯನ್ನು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಏರಿಸಬಹುದು.

ಮೊದಲನೆಯದಕ್ಕೆ ಮಾಗಿ ಉಳುಮೆ. ಹಿಂದಿನ ಬೆಳೆ ತೆಗೆದ ಮೇಲೆ, ಇಲ್ಲವೇ ಬೇಸಿಗೆಯ ಅಡ್ಡಮಳೆ ಬಿದ್ದಾಗ, ಇಳಿಜಾರಿಗೆ ಅಡ್ಡವಾಗಿ ಉಳುಮೆ ಮಾಡಿ. ಮಸಾರಿಯ ಮೇಲ್ಪದರ ಹೆಪ್ಪುಗಟ್ಟಿ ಕೂತಿರುತ್ತದೆ. ಒಡೆಯದಿದ್ದರೆ ಜೂನ್ ಮಳೆ ಮೇಲೆಯೇ ಹರಿದು ಹೋಗುತ್ತದೆ. ಸಜ್ಜೆ, ಶೇಂಗಾ, ತೊಗರಿ ಬಿತ್ತಿ ಒಂದು ತಿಂಗಳಾದ ಮೇಲೆ ಎಡೆ ಹೊಡೆಯುವಾಗ ನಾಲ್ಕೈದು ಸಾಲಿಗೊಂದರಂತೆ ಆಳವಾದ ಹರಿ ತೆಗೆಯಿರಿ. ಎಡೆಕುಂಟೆಯ ತಾಳಿಗೆ ಹಗ್ಗ ಸುತ್ತಿ ಎಳೆದರೂ ಹರಿ ಬೀಳುತ್ತದೆ. ಆಗಸ್ಟ್ ಮಳೆ ಅಲ್ಲಿ ನಿಂತು ಬುಡಕ್ಕೆ ಇಳಿಯುತ್ತದೆ.

ಎರಡನೆಯದಕ್ಕೆ ಕೆರೆ ಗೋಡು. ಬೇಸಿಗೆಯಲ್ಲಿ ಊರ ಕೆರೆಯ ಹೂಳು ತೆಗೆಯುತ್ತಿದ್ದರೆ ಪಂಚಾಯಿತಿಗೆ ಕೇಳಿ ಟ್ರ್ಯಾಕ್ಟರಿನಲ್ಲಿ ಹೊಡೆಸಿಕೊಳ್ಳಿ. ಮಸಾರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಎರೆ ಹೊಲಕ್ಕೆ ಹಾಕಿದರೆ ದುಡ್ಡು ದಂಡ.

ಹೊದಿಕೆಯ ಬಗ್ಗೆ ಒಂದು ತಕರಾರು ಹೇಳಿಬಿಡುತ್ತೇನೆ. ಬೆಳೆಯ ಕಸವನ್ನೆಲ್ಲ ಹೊಲಕ್ಕೆ ಹಾಸಿ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಮ್ಮಲ್ಲಿ ಜೋಳದ ಕಣಿಕೆ ಎತ್ತು, ಎಮ್ಮೆಗೆ ಹೊಟ್ಟೆ. ಅದನ್ನು ಹಾಸು ಎಂದರೆ ಯಾರು ಹಾಸುತ್ತಾರೆ? ಅದರ ಬದಲು ಬದುವಿನ ಮೇಲೆ ಗೊಬ್ಬರದ ಗಿಡ (ಗ್ಲಿರಿಸಿಡಿಯಾ) ಹಚ್ಚಿ, ವರ್ಷಕ್ಕೆ ಎರಡು ಸಲ ಸವರಿ ಸೊಪ್ಪು ಹಾಸಿ. ಸೆಣಬು ಬಿತ್ತಿ ಹೂ ಬರುವ ಮೊದಲು ಮಣ್ಣಿಗೆ ಸೇರಿಸಿ. ಬಳ್ಳಾರಿ ಜಾಲಿ ಮಾತ್ರ ಬದುವಿನ ಮೇಲೆ ಬೇಡ. ಒಂದು ಗಿಡ ಬಿಟ್ಟರೆ ಕುರಿ ತಿಂದು ಹಾಕಿದ ಬೀಜದಿಂದ ಹೊಲವೇ ಜಾಲಿ ಪಾಲು.

ಕೃಷಿ ಹೊಂಡ: ಎಷ್ಟು ದೊಡ್ಡದು, ಎಲ್ಲಿ, ಹೇಗೆ

2014ರಲ್ಲಿ ಕೃಷಿ ಭಾಗ್ಯ ಶುರುವಾದ ಮೇಲೆ ನಮ್ಮ ಸೀಮೆಯಲ್ಲಿ ಹೊಂಡಗಳು ಸಾಕಷ್ಟು ಬಂದವು. ಒಳ್ಳೆಯ ಕೆಲಸ. ಆದರೆ ತುಂಬದ ಹೊಂಡ, ಸೋರುವ ಹೊಂಡ, ತುಂಬಿದರೂ ಬಳಸದೆ ಆರಿಹೋಗುವ ಹೊಂಡ, ಈ ಮೂರೂ ಕಣ್ಣಿಗೆ ಬೀಳುತ್ತವೆ.

ತುಂಬದ ಹೊಂಡಕ್ಕೆ ಕಾರಣ ಅಳತೆ. ಹೊಲದಲ್ಲಿ ಬದು, ಚೌಕು ಮಡಿ ಇಲ್ಲದಿದ್ದಾಗ ಹರಿಯುವ ನೀರು ಬೇರೆ, ಇದ್ದಾಗ ಹರಿಯುವ ನೀರು ಬೇರೆ. ಒಂದು ಕೋಟಿ ಲೀಟರಿನಲ್ಲಿ ಶೇ. 10 ಹರಿದು ಬಂದರೆ 10 ಲಕ್ಷ. ಮಡಿ ಹಾಕಿದ ಮೇಲೆ ಅದೂ ಕಡಿಮೆಯಾಗುತ್ತದೆ, ಆಗಲಿ, ಆ ನೀರು ಹೊಲದೊಳಗೇ ಇದೆ. ಅದಕ್ಕೇ ನಾನು ಐದು ಎಕರೆಗೆ 21 ಮೀಟರಿನ ಹೊಂಡಕ್ಕಿಂತ 18 ಮೀಟರಿನದೇ ಸಾಕು ಎನ್ನುತ್ತೇನೆ. 18 ಮೀಟರ್ ಚೌಕ, 3 ಮೀಟರ್ ಆಳ, ಬದಿಯ ಇಳಿಜಾರು ಒಂದಕ್ಕೊಂದು ಇದ್ದರೆ 6.8 ಲಕ್ಷ ಲೀಟರ್ ಹಿಡಿಯುತ್ತದೆ. ಎರೆ ಮಣ್ಣಿನಲ್ಲಿ ಬದಿ ಕುಸಿಯುವ ಹೆದರಿಕೆ ಇದ್ದರೆ ಇಳಿಜಾರನ್ನು ಒಂದಕ್ಕೆ ಒಂದೂವರೆ ಮಾಡಿ, ಆಗ 5.7 ಲಕ್ಷ. ಜುಲೈ ಒಣಗಾಲಕ್ಕೆ ಅರ್ಧ ಬಳಸಿ, ಸೆಪ್ಟೆಂಬರ್ ಮಳೆಗೆ ಮತ್ತೆ ತುಂಬಿಸಿಕೊಂಡರೆ ಸಣ್ಣ ಹೊಂಡವೇ ದೊಡ್ಡದರ ಕೆಲಸ ಮಾಡುತ್ತದೆ. ಜಾಗವೂ ಉಳಿಯುತ್ತದೆ. 18 ಮೀಟರಿನ ಬಾಯಿಗೇ ಮೂರು ಗುಂಟೆಗಿಂತ ಜಾಸ್ತಿ ಹೋಗುತ್ತದೆ, ಸುತ್ತಿನ ಏರಿ ಬೇರೆ.

ಜಾಗ ಹೊಲದ ತಗ್ಗಿನ ಮೂಲೆಯಲ್ಲಿರಲಿ. ಆದರೆ ಹಳ್ಳದ ಹರಿವಿನಲ್ಲೇ ಅಗೆಯಬೇಡಿ, ಒಂದೇ ಮಳೆಗೆ ಹೂಳು ತುಂಬುತ್ತದೆ. ಅಗೆಯುವ ಮೊದಲು ಆ ಜಾಗದಲ್ಲಿ ಆಳಕ್ಕೊಂದು ಗುಂಡಿ ತೋಡಿ, ಸಂಜೆ ನೀರು ತುಂಬಿಸಿ, ಬೆಳಿಗ್ಗೆ ನೋಡಿ. ಅರ್ಧಕ್ಕಿಂತ ಜಾಸ್ತಿ ಇಳಿದಿದ್ದರೆ ಹೊಂಡಕ್ಕೆ ಪ್ಲಾಸ್ಟಿಕ್ ಹಾಳೆ ಬೇಕೇ ಬೇಕು. ಗರಸು, ಮಸಾರಿಯಲ್ಲಿ ಬಹುತೇಕ ಹೀಗೇ ಆಗುತ್ತದೆ. ಆಳದ ಎರೆಯಲ್ಲಿ ಮಣ್ಣು ನೆನೆದು ಉಬ್ಬಿ ತಾನೇ ಮುಚ್ಚಿಕೊಳ್ಳುವುದರಿಂದ ಹಾಳೆ ಇಲ್ಲದೆಯೂ ನಡೆಯುತ್ತದೆ.

ಅಗೆಯುವಾಗ ಮೇಲಿನ ಒಂದಡಿ ಮಣ್ಣನ್ನು ಬೇರೆ ಹಾಕಿಸಿ, ಅದು ಹೊಲಕ್ಕೆ ವಾಪಸ್ ಹೋಗಬೇಕು. ಕೆಳಗಿನ ಮಣ್ಣಿನಿಂದ ಏರಿ ಮಾಡಿ. ಹೊಂಡದ ಅಂಚಿನಿಂದ ಒಂದು ಮೀಟರ್ ಜಾಗ ಬಿಟ್ಟು ಏರಿ ಹಾಕಿ, ಇಲ್ಲದಿದ್ದರೆ ಮಳೆಗೆ ಆ ಮಣ್ಣೆಲ್ಲ ಹೊಂಡಕ್ಕೇ ಇಳಿಯುತ್ತದೆ. ಹೊಂಡಕ್ಕೆ ನೀರು ಬರುವ ದಾರಿಯಲ್ಲಿ ಎರಡು ಮೀಟರ್ ಚೌಕದ, ಒಂದು ಮೀಟರ್ ಆಳದ ಹೂಳು ಗುಂಡಿ ಮಾಡಿ. ನೀರು ಅಲ್ಲಿ ನಿಂತು, ಮಣ್ಣು ಕೆಳಗೆ ಕೂತು, ತಿಳಿಯಾದದ್ದು ಹೊಂಡಕ್ಕೆ ಹೋಗಲಿ. ಒಳ ಬರುವ ಬಾಯಿಗೂ ಹೊರ ಹೋಗುವ ಕೋಡಿಗೂ ಕಲ್ಲು ಜೋಡಿಸಿ. ಕೋಡಿ ಏರಿಗಿಂತ ಎರಡಡಿಯಾದರೂ ತಗ್ಗಿರಲಿ.

ಹಾಳೆ ಹಾಕುವುದಾದರೆ 500 ಮೈಕ್ರಾನಿನದು ತನ್ನಿ. ಕೆಳಗೆ ಚೂಪು ಕಲ್ಲು, ಬೇರಿನ ತುದಿ ಆರಿಸಿ ತೆಗೆದು, ಸಣ್ಣ ಮಣ್ಣು ಬಳಿದ ಮೇಲೆಯೇ ಹಾಸಬೇಕು. ಅಂಚನ್ನು ಸುತ್ತಲೂ ಒಂದೂವರೆ ಅಡಿ ಕಾಲುವೆ ತೋಡಿ ಹುಗಿಯಿರಿ. ಖಾಲಿ ಹೊಂಡದಲ್ಲಿ ಹಾಳೆ ಬಿಸಿಲಿಗೆ ಬಿರುಸಾಗುತ್ತದೆ, ಆದ್ದರಿಂದ ತಳದಲ್ಲಿ ಒಂದಡಿ ನೀರು ಬಿಡುವುದು ಒಳ್ಳೆಯದು.

ಬೇಲಿಯನ್ನು ಆಮೇಲೆ ನೋಡೋಣ ಎನ್ನಬೇಡಿ. ಹೊಂಡಕ್ಕೆ ನೀರು ಬರುವ ಮೊದಲೇ ಬೇಲಿ ಆಗಿರಬೇಕು. ಹಾಳೆ ಹಾಸಿದ ಹೊಂಡಕ್ಕೆ ಬಿದ್ದರೆ ಈಜು ಬಂದವರೂ ಹತ್ತಲಾಗದೆ ಮುಳುಗುತ್ತಾರೆ, ಕಾಲು ಜಾರುತ್ತದೆ. ಕುರಿ ಕಾಯುವ ಹುಡುಗರು, ಬಟ್ಟೆ ತೊಳೆಯಲು ಬಂದ ತಾಯಿ ಮಕ್ಕಳು ಹೀಗೆ ಹೋದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ತಂತಿ ಬೇಲಿ, ಬೀಗದ ಗೇಟು, ನಾಲ್ಕು ಬದಿಗೂ ನೀರಿನವರೆಗೆ ಇಳಿಬಿಟ್ಟ ಗಂಟು ಹಾಕಿದ ದಪ್ಪ ಹಗ್ಗ, ಗಾಳಿ ತುಂಬಿದ ಹಳೆ ಟ್ಯೂಬು. ಇಷ್ಟೂ ಇಲ್ಲದೆ ಹೊಂಡ ಮಾಡಲೇಬೇಡಿ.

ಹೊಂಡದ ನೀರನ್ನು ಯಾವಾಗ ಬಿಡಬೇಕು

ನೋಡಲು ಚಂದ ಅಂತ ನೀರು ಉಳಿಸಿಕೊಂಡು ಕೂರುವವರು ಜಾಸ್ತಿ. ಬೇಸಿಗೆಗೆ ಬೇಕಾಗುತ್ತದೆ ಎನ್ನುತ್ತಾರೆ. ಬೇಸಿಗೆಯವರೆಗೆ ಅದು ಉಳಿಯುವುದಿಲ್ಲ. ಅಕ್ಟೋಬರ್, ನವೆಂಬರಿನಲ್ಲೇ ದಿನಕ್ಕೆ ಸುಮಾರು 5 ಮಿ.ಮೀ. ಆವಿಯಾಗುತ್ತದೆ. 18 ಮೀಟರಿನ ಹೊಂಡದ ಬಾಯಿಗೆ ಅದು ದಿನಕ್ಕೆ 1,600 ಲೀಟರ್, ಎರಡು ತಿಂಗಳಿಗೆ ಹತ್ತಿರ ಹತ್ತಿರ ಒಂದು ಲಕ್ಷ. ಏಪ್ರಿಲ್, ಮೇ ಬಿಸಿಲಿನಲ್ಲಿ ಆವಿಯ ವೇಗ ಅದರ ಎರಡರಷ್ಟು.

ಹೊಂಡ ಇರುವುದು ಬೆಳೆ ಉಳಿಸುವ ಒಂದೆರಡು ನೀರಿಗೆ, ವರ್ಷಪೂರ್ತಿ ತೋಟಕ್ಕಲ್ಲ. ತುಂತುರು ಪೈಪಿನಲ್ಲಿ ಎಕರೆಗೆ 30 ಮಿ.ಮೀ. ಕೊಟ್ಟರೆ 1.2 ಲಕ್ಷ ಲೀಟರ್ ಬೇಕು. ಸಾಲಿನಲ್ಲಿ ಹರಿಬಿಟ್ಟರೆ ಅದರ ಎರಡರಷ್ಟು ಹೋಗುತ್ತದೆ. ಹೊಂಡದಲ್ಲಿ ಬಳಸಲು ಸಿಗುವುದು 5 ಲಕ್ಷ ಎಂದು ಹಿಡಿದರೆ ತುಂತುರಿನಲ್ಲಿ ನಾಲ್ಕು ಎಕರೆಗೆ ಒಂದು ನೀರು, ಹರಿಬಿಟ್ಟರೆ ಎರಡೇ ಎಕರೆ.

ಕಡಲೆಗೆ ಬಿತ್ತಿದ 35, 40 ದಿನಕ್ಕೆ, ಹೂ ಬರುವ ಮುಂಚೆ ಒಂದು ನೀರು. ಇನ್ನೂ ಉಳಿದಿದ್ದರೆ ಕಾಯಿ ತುಂಬುವಾಗ ಇನ್ನೊಂದು. ಹೂ ತುಂಬಿ ನಿಂತಾಗ ಕೊಡಬೇಡಿ, ಗಿಡ ಸೊಪ್ಪಾಗಿ ಬೆಳೆಯುತ್ತದೆ, ಹೂ ಉದುರುತ್ತದೆ. ಹಿಂಗಾರಿ ಜೋಳಕ್ಕೆ ಒಂದೇ ನೀರು ಸಾಧ್ಯ ಎಂದಾದರೆ ತೆನೆ ಹೊಡೆ ಹಿಡಿಯುವ ಹೊತ್ತಿಗೆ, ಸುಮಾರು 55, 60 ದಿನಕ್ಕೆ ಕೊಡಿ. ಆ ವಾರ ತಪ್ಪಿದರೆ ಕಣಿಕೆ ಸಿಗುತ್ತದೆ, ಕಾಳು ಜೊಳ್ಳಾಗುತ್ತದೆ.

ಹೊಂಡ ಇದೆ ಅಂತ ದಾಳಿಂಬೆಗೆ ಕೈ ಹಾಕುವ ಮೊದಲು ಈ ಲೆಕ್ಕ ನೋಡಿ. ಕುಷ್ಟಗಿ ಕಡೆ ದಾಳಿಂಬೆ ಹೆಸರು ಮಾಡಿದ ಬೆಳೆ, ಆಸೆ ಸಹಜ. 4.5 ಮೀಟರಿಗೆ 3 ಮೀಟರಿನಂತೆ ಹಚ್ಚಿದರೆ ಎಕರೆಗೆ 300 ಗಿಡ. ಫಸಲಿಗೆ ಬಂದ ಗಿಡಕ್ಕೆ ಹನಿ ನೀರಾವರಿಯಲ್ಲೂ ದಿನಕ್ಕೆ ಸರಾಸರಿ 30 ಲೀಟರ್ ಎಂದಿಟ್ಟುಕೊಳ್ಳಿ. ದಿನಕ್ಕೆ 9,000, ಮಳೆ ಇಲ್ಲದ ಏಳು ತಿಂಗಳಿಗೆ ಸುಮಾರು 19 ಲಕ್ಷ ಲೀಟರ್. ಮೂರು ಹೊಂಡ ಬೇಕು. ಅಂದರೆ ದಾಳಿಂಬೆ ನಿಲ್ಲುವುದು ಬೋರಿನ ಮೇಲೆಯೇ.

ಬೋರ್: ಇರುವುದನ್ನು ಉಳಿಸಿಕೊಳ್ಳುವುದು

ನಮ್ಮ ನೆಲದ ಕೆಳಗಿರುವುದು ಗಟ್ಟಿ ಕಲ್ಲು. ನೀರು ಇರುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ನೀರು ಜಾಸ್ತಿ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ, ಆಳದಲ್ಲಿ ಬಿರುಕು ಕಡಿಮೆ. ಪಕ್ಕದ ಹೊಲದಲ್ಲಿ ಹೊಸ ಬೋರ್ ಬಿದ್ದರೆ ಒಂದೇ ಬಿರುಕಿನ ನೀರನ್ನು ಇಬ್ಬರೂ ಎಳೆಯುತ್ತೀರಿ, ಅಷ್ಟೇ.

ಬೋರಿನ ನೀರನ್ನು ಎಲ್ಲರೂ ಇಂಚಿನಲ್ಲಿ ಹೇಳುತ್ತಾರೆ. ನೀವು ಲೀಟರಿನಲ್ಲಿ ಅಳೆಯಿರಿ. 200 ಲೀಟರಿನ ಡ್ರಮ್ಮು ಇಟ್ಟು ಮೊಬೈಲಿನಲ್ಲಿ ಸೆಕೆಂಡು ಎಣಿಸಿ. 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್. ಪಂಪ್ ಶುರು ಮಾಡಿದ ತಕ್ಷಣ ಅಳೆಯಬೇಡಿ, ಎರಡು ಗಂಟೆ ಓಡಿದ ಮೇಲೆ ಅಳೆಯಿರಿ. ಡಿಸೆಂಬರಿನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಮಾಡಿ. ತೋಟದ ಗಿಡದ ಸಂಖ್ಯೆ ಮೇ ತಿಂಗಳ ಅಳತೆಗೆ ತಕ್ಕಷ್ಟೇ ಇರಲಿ. ಡಿಸೆಂಬರಿನ ಅಳತೆ ನಂಬಿ ಹಚ್ಚಿದ ತೋಟಗಳೇ ಏಪ್ರಿಲಿನಲ್ಲಿ ಟ್ಯಾಂಕರ್ ಹುಡುಕುವುದು.

ಇನ್ನು ಆಟೋ ಸ್ಟಾರ್ಟರ್. ಕೃಷಿಗೆ ಮೂರು ಫೇಸ್ ಕರೆಂಟ್ ಸಿಗುವುದೇ ಕೆಲವು ಗಂಟೆ, ಅದೂ ರಾತ್ರಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಬಿಲ್ಲೂ ಇಲ್ಲ. ಹಾಗಾಗಿ ಸ್ಟಾರ್ಟರನ್ನು ಆಟೋಗೆ ಹಾಕಿ ಮಲಗುತ್ತೇವೆ. ಕರೆಂಟ್ ಬಂದಾಗೆಲ್ಲ ಪಂಪ್ ಓಡುತ್ತದೆ, ಹೊಲಕ್ಕೆ ಬೇಕೋ ಬೇಡವೋ ಕೇಳುವವರಿಲ್ಲ. ಹೊತ್ತು ಗೊತ್ತು ಮಾಡುವ ಟೈಮರ್ ಅಥವಾ ಮೊಬೈಲ್ ಸ್ಟಾರ್ಟರ್ ಹಾಕಿಸಿ. ಒಂದು ಬೋರಿನ ಆಯುಷ್ಯ ಉಳಿಸಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ. ಗಾಳಿ ಉಗುಳಲು ಶುರುವಾದರೆ ಪಂಪ್ ಇನ್ನೂ ಕೆಳಗಿಳಿಸುವ ಮೊದಲು ಓಡಿಸುವ ಹೊತ್ತನ್ನು ಅರ್ಧ ಮಾಡಿ ನೋಡಿ. ಎರಡು ಗಂಟೆ ಓಡಿಸಿ, ನಾಲ್ಕು ಗಂಟೆ ಬಿಟ್ಟು ಮತ್ತೆ ಓಡಿಸಿದರೆ ಎಷ್ಟೋ ಬೋರ್‌ಗಳು ಸುಧಾರಿಸಿಕೊಳ್ಳುತ್ತವೆ.

ಬೋರ್ ಮರುಪೂರಣ ಹೀಗೆ. ಕೇಸಿಂಗ್ ಪೈಪಿನ ಸುತ್ತ ಮೂರು ಮೀಟರ್ ಚೌಕ, ಮೂರು ಮೀಟರ್ ಆಳದ ಗುಂಡಿ. ಗುಂಡಿಯೊಳಗಿನ ಕೇಸಿಂಗಿನ ಕೆಳಭಾಗಕ್ಕೆ ಸಣ್ಣ ತೂತು ಕೊರೆದು, ನೈಲಾನ್ ಜಾಲರಿ ಎರಡು ಮೂರು ಸುತ್ತು ಬಿಗಿಯಿರಿ. ತಳಕ್ಕೆ ದಪ್ಪ ಕಲ್ಲು, ಅದರ ಮೇಲೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಮೇಲೆ ಮರಳು. ನೀರು ಮೊದಲು ಹೂಳು ಗುಂಡಿಗೆ ಬಂದು, ಅಲ್ಲಿಂದ ಇಲ್ಲಿಗೆ ಬರಬೇಕು. ಮೇಲಿನ ಮರಳನ್ನು ವರ್ಷಕ್ಕೊಮ್ಮೆ ತೆಗೆದು ತೊಳೆಯಿರಿ. ಇಲ್ಲದಿದ್ದರೆ ಎರೆಯ ಕೆಸರು ಕೂತು ಎರಡನೇ ವರ್ಷಕ್ಕೇ ಕಟ್ಟಿಕೊಳ್ಳುತ್ತದೆ. ಹತ್ತಿ, ಮೆಣಸಿನಕಾಯಿಗೆ ಔಷಧಿ ಹೊಡೆದ ಹೊಲದ ನೀರನ್ನು ಮಾತ್ರ ಹೀಗೆ ನೇರವಾಗಿ ಬಿಡಬೇಡಿ. ಅದು ನಿಮ್ಮ ಬೋರಿನಲ್ಲಷ್ಟೇ ನಿಲ್ಲುವುದಿಲ್ಲ, ಪಕ್ಕದವರು ಕುಡಿಯುವ ಬೋರಿಗೂ ಹೋಗುತ್ತದೆ. ಅಂಥ ಕಡೆ ಬೋರಿನ ಮೇಲ್ಭಾಗದ ಹೊಲದಲ್ಲಿ ಟ್ರೆಂಚ್ ತೋಡಿ, ನೀರು ಮಣ್ಣಿನ ಮೂಲಕ ಸೋಸಿ ಇಳಿಯಲಿ.

ಬತ್ತಿದ ಬೋರಿನ ಬಾಯಿಯನ್ನು ಕಲ್ಲು ಮುಚ್ಚಿ ಬಿಡುವುದಲ್ಲ, ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿ ಇಲ್ಲವೇ ಮಣ್ಣು ತುಂಬಿಸಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಬೋರಿಗೆ ಬಿದ್ದ ಮಗು ಪುಣ್ಯಕ್ಕೆ ಬದುಕಿ ಬಂತು. ಎಲ್ಲ ಮಕ್ಕಳೂ ಹಾಗೆ ಬರುವುದಿಲ್ಲ.

ಮನೆಯ ಕುಡಿಯುವ ನೀರು

ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಹಲ್ಲಿನ ಮೇಲೆ ಕಂದು ಕಲೆ, ಆಮೇಲೆ ಕೀಲು ನೋವು, ಬಗ್ಗಿದ ಮೂಳೆ. ಕುದಿಸಿದರೆ ಇದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಇನ್ನೂ ಜಾಸ್ತಿಯಾಗುತ್ತದೆ. ಚಾವಣಿಯ ಮಳೆ ನೀರಿನಲ್ಲಿ ಈ ತೊಂದರೆ ಇಲ್ಲ.

ಸಾವಿರ ಚದರ ಅಡಿಯ ಆರ್‌ಸಿಸಿ ಚಾವಣಿ ಅಂದರೆ 93 ಚದರ ಮೀಟರ್. 30 ಮಿ.ಮೀ. ಮಳೆಗೆ, ಸೋರಿಕೆ ಕಳೆದು, 2,200 ಲೀಟರ್ ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 35 ಲೀಟರ್ ಹಿಡಿದರೆ ಮಳೆ ಇಲ್ಲದ ಎಂಟು ತಿಂಗಳಿಗೆ 8,400. ಹತ್ತು ಸಾವಿರ ಲೀಟರಿನ ಸಂಪು ಸಾಕು, ಅಂಥ ಐದು ಮಳೆಗೆ ತುಂಬುತ್ತದೆ. ಸ್ನಾನಕ್ಕೆ, ಬಟ್ಟೆಗೆ ಈ ನೀರು ಮುಟ್ಟಬೇಡಿ.

ಮೆಣಸಿನಕಾಯಿ, ಹಪ್ಪಳ, ಸಂಡಿಗೆ ಒಣಗಿಸಿದ ಚಾವಣಿಯನ್ನು ಮೇ ಕೊನೆಗೆ ಗುಡಿಸಿ ತೊಳೆಯಿರಿ. ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಡಿ. ಆಮೇಲೂ ಪ್ರತಿ ಮಳೆಯ ಮೊದಲ ಹತ್ತು ನಿಮಿಷ ಹೊರಗೆ ಹೋಗಲು ಪೈಪಿಗೊಂದು ಟಿ ಮತ್ತು ವಾಲ್ವ್ ಇರಲಿ. ಸಂಪಿಗೆ ಹೋಗುವ ಮೊದಲು ಜಲ್ಲಿ, ಮರಳಿನ ಡ್ರಮ್ಮು. ಸಂಪಿನ ಮುಚ್ಚಳದಲ್ಲಿ ಬೆಳಕು, ಸೊಳ್ಳೆ ಎರಡೂ ಹೋಗಬಾರದು. ಕುಡಿಯುವ ಮೊದಲು ಕುದಿಸಿ ಆರಿಸಿ. ಮಣ್ಣಿನ ಮಾಳಿಗೆ ಮನೆಯವರಿಗೆ ಇದು ಆಗುವುದಿಲ್ಲ. ದನದ ಕೊಟ್ಟಿಗೆಗೆ ತಗಡು ಇದ್ದರೆ ಅದರ ನೀರನ್ನೇ ಹಿಡಿಯಬಹುದು.

ಬಚ್ಚಲ ನೀರನ್ನು ರಸ್ತೆಗೆ ಬಿಡದೆ ಹಿತ್ತಲಿನ ಬಾಳೆ, ಕರಿಬೇವು, ತೆಂಗಿಗೆ ತಿರುಗಿಸಿ. ಒಂದೇ ಗಿಡಕ್ಕೆ ದಿನವೂ ಹೋಗದಂತೆ ವಾರಕ್ಕೊಮ್ಮೆ ಹರಿ ಬದಲಿಸಿದರೆ ಸಾಕು, ಸೋಪಿನ ಉಪ್ಪು ಒಂದೇ ಕಡೆ ಕೂರುವುದಿಲ್ಲ.

ಕಾಲುವೆ ಬದಿಯ ಅಣ್ಣತಮ್ಮಂದಿರಿಗೆ

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದಾಗ ಜಲಾಶಯದಲ್ಲಿ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 106ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ ಕಾಲುವೆಯ ನೀರು ಎಷ್ಟು ತೆಳು ದಾರದ ಮೇಲಿದೆ ಎಂದು ಎಲ್ಲರಿಗೂ ಗೊತ್ತಾಯಿತು. ಕಾಲುವೆಯ ತಲೆಯಲ್ಲಿ ಭತ್ತ ಜಾಸ್ತಿಯಾದಷ್ಟೂ ಮಾನ್ವಿ, ರಾಯಚೂರು ಕಡೆಯ ಕೊನೆಯವರಿಗೆ ನೀರು ಮುಟ್ಟುವುದಿಲ್ಲ. ಮೇಲಿನವರ ಹೊಲವೂ ನೀರು ನಿಂತು ನಿಂತು ಸವಳಾಗುತ್ತದೆ, ಅಂದರೆ ಉಪ್ಪು ಮೇಲೆದ್ದು ಕೆಡುತ್ತದೆ.

ಭತ್ತ ಬಿಡಿ ಎಂದರೆ ಯಾರೂ ಕೇಳುವುದಿಲ್ಲ, ಹಾಗಾಗಿ ಹೇಳುವುದಿಲ್ಲ. ನಾಟಿಯ ಬದಲು ಕೂರಿಗೆ ಭತ್ತ ಮಾಡಿ. ಕೆಸರು ಮಾಡುವ ನೀರು, ನಾಟಿಯ ಕೂಲಿ ಎರಡೂ ಉಳಿಯುತ್ತವೆ. ಕಳೆ ಮಾತ್ರ ಮೊದಲ ತಿಂಗಳು ಕಾಡುತ್ತದೆ, ಅದಕ್ಕೆ ತಯಾರಿರಿ. ನಾಟಿಯೇ ಮಾಡುವುದಾದರೆ 30 ಸೆಂ.ಮೀ. ಉದ್ದದ ಪಿವಿಸಿ ಪೈಪಿನ ತುಂಡಿಗೆ ಕೆಳಗಿನ ಅರ್ಧ ತೂತು ಕೊರೆದು ಗದ್ದೆಯಲ್ಲಿ ಹುಗಿಯಿರಿ. ಒಳಗಿನ ಮಣ್ಣು ತೆಗೆಯಿರಿ. ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಇಳಿದಾಗ ಮುಂದಿನ ನೀರು ಕಟ್ಟಿ. ಎರೆಯಲ್ಲಿ ದೊಡ್ಡ ಬಿರುಕು ಬಿಡುವ ಮೊದಲೇ ಕಟ್ಟಬೇಕು, ಇಲ್ಲದಿದ್ದರೆ ನೀರೆಲ್ಲ ಬಿರುಕಿಗೆ ಹೋಗುತ್ತದೆ. ಹೂ ಬರುವಾಗ ಮಾತ್ರ ಗದ್ದೆ ಒಣಗಿಸಬೇಡಿ. ಸವಳು ಕಂಡವರು ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಮಣ್ಣು ತೆಗೆದುಕೊಂಡು ಹೋಗಿ, ಸವಳು ಭೂಮಿಯ ಮೇಲೇ ಅವರು ಕೆಲಸ ಮಾಡುತ್ತಾರೆ.

ಕಾಗದ, ಮತ್ತು ಬೇಸಿಗೆಯ ಕೆಲಸ

ಹೊಂಡಕ್ಕೆ, ಹನಿ ನೀರಾವರಿಗೆ, ತುಂತುರು ಪೈಪಿಗೆ ಸಹಾಯಧನ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಬದು ಮತ್ತು ಹೊಂಡವನ್ನು ಉದ್ಯೋಗ ಖಾತ್ರಿಯಲ್ಲೂ ಮಾಡಿಕೊಡುತ್ತಾ ಬಂದಿದ್ದಾರೆ, ಅದಕ್ಕೆ ಪಂಚಾಯಿತಿ. ಪಹಣಿ, ಆಧಾರ್, ಬ್ಯಾಂಕ್ ಪುಸ್ತಕ, ಎಫ್‌ಐಡಿ (ರೈತರ ಗುರುತಿನ) ನಂಬರ್ ಜೊತೆಗಿರಲಿ. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದ್ದರೆ ಮೊದಲು ಅದನ್ನು ಸರಿ ಮಾಡಿಸಿ. ಮಂಜೂರಾತಿ ಕೈಗೆ ಬರುವವರೆಗೆ ಜೆಸಿಬಿ ಕರೆಸಬೇಡಿ, ಅಗೆದ ಹೊಂಡಕ್ಕೆ ಆಮೇಲೆ ದುಡ್ಡು ಹುಟ್ಟುವುದು ಕಷ್ಟ. ನಿಯಮ ವರ್ಷ ವರ್ಷ ಬದಲಾಗುತ್ತದೆ, ಕಳೆದ ವರ್ಷ ಪಕ್ಕದವರಿಗೆ ಸಿಕ್ಕಿದ್ದು ಈ ವರ್ಷ ನಿಮಗೆ ಹಾಗೇ ಸಿಗಬೇಕೆಂದಿಲ್ಲ.

ಮೇ ತಿಂಗಳಲ್ಲಿ ಹೂಳು ಗುಂಡಿ, ಹೊಂಡದ ತಳ ಎರಡನ್ನೂ ಬಳಿಯಿರಿ. ಬಂದ ಹೂಳನ್ನು ಮಸಾರಿಗೆ ಹಾಕಿ. ಹಾಳೆಯಲ್ಲಿ ಇಲಿ, ಏಡಿ ಮಾಡಿದ ತೂತು ಇದ್ದರೆ ಅದೇ ಹಾಳೆಯ ತುಂಡು ಅಂಟಿಸಿ. ಹನಿ ಪೈಪುಗಳ ಕೊನೆ ಬಿಚ್ಚಿ ನೀರು ಬಿಟ್ಟು ತೊಳೆಯಿರಿ. ನಮ್ಮ ಗಡುಸು ನೀರಿಗೆ ತೂತುಗಳ ಬಾಯಲ್ಲಿ ಬಿಳಿ ಸುಣ್ಣ ಕಟ್ಟುತ್ತದೆ, ಅದಕ್ಕೆ ಆ್ಯಸಿಡ್ ಬಿಡಬೇಕಾದರೆ ಪೈಪ್ ಕೊಟ್ಟ ಅಂಗಡಿಯವರಿಂದ ಪ್ರಮಾಣ ಕೇಳಿಕೊಳ್ಳಿ. ನೀರಿಗೆ ಆ್ಯಸಿಡ್ ಸುರಿಯಬೇಕು, ಆ್ಯಸಿಡ್‌ಗೆ ನೀರನ್ನಲ್ಲ. ಬದು ಒಡೆದ ಕಡೆಗಳನ್ನು ರೋಹಿಣಿ ಮಳೆ ಬರುವುದರೊಳಗೆ ಕಟ್ಟಿ ಮುಗಿಸಿ, ಆಮೇಲೆ ಬಿತ್ತನೆ ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ.